ನಮ್ಮ ಸೈಟ್‌ಗೆ ಗೂಗಲ್ ಲಾಗಿನ್ ಹಾಕಿದ್ದು: ಬಟನ್‌ಗಿಂತ ಆಚೆ ಇರೋ ಕೆಲಸ

ನಮ್ಮ ಬಡಾವಣೇಲಿ ಒಂದು ಪುಸ್ತಕ ಬಳಗ ಇದೆ, ಮನೆಮನೇಲಿ ಇರೋ ಪುಸ್ತಕಗಳನ್ನ ಲಿಸ್ಟ್ ಮಾಡಿ ಒಬ್ಬರಿಂದ ಒಬ್ಬರು ಎರವಲು ತಗೊಳ್ಳೋಕೆ ಅಂತ ನಾನೇ ಒಂದು ಸಣ್ಣ ವೆಬ್ ಆಪ್ ಮಾಡ್ಕೊಟ್ಟಿದ್ದೆ, ನೋಡ್ (ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸೋದು) ಮೇಲೆ ಎಕ್ಸ್‌ಪ್ರೆಸ್ ಅನ್ನೋ ಫ್ರೇಮ್‌ವರ್ಕ್, ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್, ಮುಂದೆ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್. ಎಲ್ಲಾ ಚೆನ್ನಾಗೇ ನಡೀತಿತ್ತು, ಆದ್ರೆ ವಾರಕ್ಕೆ ನಾಲ್ಕೈದು ಫೋನ್ ಬರ್ತಿತ್ತು, "ಪಾಸ್‌ವರ್ಡ್ ಮರ್ತೋಗಿದೆ ಕಣಪ್ಪಾ, ಏನಾದ್ರೂ ಮಾಡು" ಅಂತ. ಕೊನೆಗೆ ಗೂಗಲ್ ಲಾಗಿನ್ ಹಾಕೋಣ ಅಂತ ಕೂತೆ. ಬಟನ್ ಹಾಕಿ ಓಡಿಸೋಕೆ ಒಂದು ಸಂಜೆ ಸಾಕಾಯ್ತು, ಆದ್ರೆ ಹಳೇ ಅಕೌಂಟ್‌ಗಳನ್ನ ಸರಿಯಾಗಿ ಜೋಡಿಸೋಕೆ ಎರಡು ವಾರ ಹಿಡೀತು. ನೆಟ್‌ನಲ್ಲಿ ಸಿಗೋ ಟ್ಯುಟೋರಿಯಲ್‌ಗಳು ಹೆಚ್ಚಿನವು ಆ ಒಂದು ಸಂಜೆ ಕೆಲಸ ಹೇಳಿ ನಿಲ್ಲಿಸ್ತಾವೆ, ಅದಕ್ಕೇ ಪೂರ್ತಿ ಬರೀತಿದ್ದೀನಿ.

ಮೊದಲು ಇದು ಹೆಂಗೆ ಕೆಲಸ ಮಾಡುತ್ತೆ ಅನ್ನೋದು ತಲೇಲಿ ಕೂರಬೇಕು. ಯೂಸರ್ ನಮ್ಮ ಬಟನ್ ಒತ್ತುತ್ತಾರೆ, ನಾವು ಅವರನ್ನ ಗೂಗಲ್ ಹತ್ರ ಕಳಿಸ್ತೀವಿ, ಪಾಸ್‌ವರ್ಡ್ ಕೇಳೋದು ನೋಡೋದು ಎಲ್ಲಾ ಅಲ್ಲೇ, ನಮ್ಮ ಸರ್ವರ್‌ಗೆ ಅದರ ವಾಸನೆನೂ ಬರಲ್ಲ. ಎಲ್ಲಾ ಸರಿ ಇದ್ರೆ ಗೂಗಲ್ ಅವರನ್ನ ಒಂದು ಸಣ್ಣ ಕೋಡ್ ಜೊತೆ ನಮ್ಮ ಹತ್ರ ವಾಪಸ್ ಕಳ್ಸುತ್ತೆ, ಆ ಕೋಡ್ ತಗೊಂಡು ನಮ್ಮ ಸರ್ವರ್ ಬ್ರೌಸರ್‌ನ ಪಕ್ಕಕ್ಕೆ ಬಿಟ್ಟು ನೇರವಾಗಿ ಗೂಗಲ್ ಸರ್ವರ್ ಜೊತೆ ಮಾತಾಡಿ ಅದನ್ನ ಟೋಕನ್‌ಗೆ, ಅಂದ್ರೆ ಗೂಗಲ್ ಕೊಡೋ ಒಂದು ಡಿಜಿಟಲ್ ಚೀಟಿಗೆ, ಬದಲಾಯಿಸ್ಕೊಳ್ಳುತ್ತೆ. ಈ ಓಡಾಟದ ನಿಯಮಕ್ಕೆ ಓಆಥ್ 2.0 ಅಂತ ಹೆಸರು, 2012ರದ್ದು. ಆದ್ರೆ ಓಆಥ್ ಹುಟ್ಟಿದ್ದು ಲಾಗಿನ್‌ಗೆ ಅಲ್ಲ, "ಈ ಆಪ್ ನನ್ನ ಪರವಾಗಿ ನನ್ನ ಫೋಟೋ ನೋಡ್ಬಹುದು" ಅನ್ನೋ ಥರ ಅನುಮತಿ ಕೊಡೋಕೆ. "ಬಂದಿರೋರು ಯಾರು" ಅಂತ ಗಟ್ಟಿಯಾಗಿ ಹೇಳೋ ಭಾಗ ಅದರ ಮೇಲೆ 2014ರಲ್ಲಿ ಬಂದ ಓಪನ್ಐಡಿ ಕನೆಕ್ಟ್. ಅದು ಕೊಡೋ ಐಡಿ ಟೋಕನ್ನೇ ನಮಗೆ ಬೇಕಾಗಿರೋದು. ಊರಿಗೆ ಹೊಸಬರು ಬಂದಾಗ ಗೊತ್ತಿರೋರು ಒಬ್ಬರು "ಇವರು ಇಂಥವರ ಮಗ" ಅಂತ ಪರಿಚಯ ಹೇಳ್ತಾರಲ್ಲ, ಗೂಗಲ್ ಮಾಡೋದು ಅಷ್ಟೇ. ಮನೆ ಒಳಗೆ ಬಿಡಬೇಕಾ, ಯಾವ ರೂಮು ತೋರಿಸಬೇಕು ಅನ್ನೋದು ಇನ್ನೂ ನಮ್ಮ ತೀರ್ಮಾನನೇ.

ಗೂಗಲ್ ಕಡೆ ಮಾಡ್ಕೊಬೇಕಾಗಿರೋ ಸೆಟಪ್ ಬೇಗ ಮುಗಿಯುತ್ತೆ. ಗೂಗಲ್ ಕ್ಲೌಡ್ ಕನ್ಸೋಲ್‌ಗೆ ಹೋಗಿ ಒಂದು ಪ್ರಾಜೆಕ್ಟ್ ಮಾಡಿ, ಕನ್ಸೆಂಟ್ ಸ್ಕ್ರೀನ್‌ಗೆ (ಯೂಸರ್ ಒಪ್ಪಿಗೆ ಕೇಳೋ ಪೇಜ್) ಆಪ್ ಹೆಸರು, ಸಪೋರ್ಟ್ ಇಮೇಲ್ ಕೊಡಿ, ಯೂಸರ್ ಟೈಪ್ ಎಕ್ಸ್‌ಟರ್ನಲ್ ಇಡಿ, ಆಮೇಲೆ ವೆಬ್ ಅಪ್ಲಿಕೇಶನ್ ಅಂತ ಒಂದು ಕ್ಲೈಂಟ್ (ಗೂಗಲ್ ಹತ್ರ ನಮ್ಮ ಆಪ್‌ನ ನೋಂದಣಿ) ಮಾಡಿದ್ರೆ ಕ್ಲೈಂಟ್ ಐಡಿ ಮತ್ತೆ ಕ್ಲೈಂಟ್ ಸೀಕ್ರೆಟ್ ಸಿಗುತ್ತೆ. ಸೀಕ್ರೆಟ್‌ನ ಆಗಲೇ ಜೋಪಾನವಾಗಿ ಎತ್ತಿಟ್ಕೊಳ್ಳಿ, ಆಮೇಲೆ ಬಂದು ನೋಡಿದ್ರೆ ಪೂರ್ತಿ ತೋರಿಸಲ್ಲ. ಎನ್ವಿರಾನ್ಮೆಂಟ್ ವೇರಿಯಬಲ್‌ನಲ್ಲಿ ಇಡಿ, ಯಾವ ಕಾರಣಕ್ಕೂ ಗಿಟ್‌ಗೆ ಹಾಕ್ಬೇಡಿ, ಪ್ರೈವೇಟ್ ರೆಪೋ ಆದ್ರೂ ಬೇಡ.

ಇಲ್ಲೇ ರಿಡೈರೆಕ್ಟ್ ಯುಆರ್‌ಐ ಅಂತ ಒಂದು ಜಾಗ ಇರುತ್ತೆ, ಹತ್ತರಲ್ಲಿ ಎಂಟು ಜನ ಮೊದಲು ಎಡವೋದು ಇಲ್ಲೇ ಅಂತ ನನ್ನ ಅನುಭವ. ಗೂಗಲ್ ಯೂಸರ್‌ನ ವಾಪಸ್ ಕಳಿಸೋ ವಿಳಾಸ ಇದು, ನೀವು ಇಲ್ಲಿ ಬರೆದಿದ್ದಕ್ಕೂ ಕೋಡ್‌ನಲ್ಲಿ ಕಳಿಸೋದಕ್ಕೂ ಒಂದೇ ಒಂದು ಅಕ್ಷರ ವ್ಯತ್ಯಾಸ ಇರಬಾರದು. ಕೊನೇಲಿ ಒಂದು ಸ್ಲ್ಯಾಶ್ ಜಾಸ್ತಿ ಆದ್ರೂ ತಪ್ಪು, ಎಸ್ ಇಲ್ಲದ ಎಚ್‌ಟಿಟಿಪಿ ಆದ್ರೂ ತಪ್ಪು, ಕೋಡ್‌ನಲ್ಲಿ ವಿಳಾಸದ ಮುಂದೆ ಮೂರು ಡಬ್ಲ್ಯೂ ಇದ್ದು ಇಲ್ಲಿ ಇಲ್ಲದಿದ್ರೂ ತಪ್ಪು, ಎಲ್ಲಕ್ಕೂ ರಿಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್ ಅನ್ನೋ ಅದೇ ಎರರ್. ಲೋಕಲ್‌ಹೋಸ್ಟ್‌ಗೆ ಮಾತ್ರ ಎಚ್‌ಟಿಟಿಪಿ ಬಿಡ್ತಾರೆ, ಬೇರೆ ಎಲ್ಲದಕ್ಕೂ ಎಚ್‌ಟಿಟಿಪಿಎಸ್ ಬೇಕೇಬೇಕು, ಬರೀ ಐಪಿ ಅಡ್ರೆಸ್ ಕೊಟ್ರೆ ಒಪ್ಪಲ್ಲ, ಹಂಗಾಗಿ ಡೊಮೇನ್ ತಗೊಂಡು ಸರ್ಟಿಫಿಕೇಟ್ ಹಾಕಿ ಆಮೇಲೆ ಇದಕ್ಕೆ ಕೈ ಹಾಕಿ. ನಿಮ್ಮ ಲ್ಯಾಪ್‌ಟಾಪ್‌ಗೆ ಒಂದು ಕ್ಲೈಂಟ್, ಲೈವ್ ಸೈಟ್‌ಗೆ ಬೇರೆ ಕ್ಲೈಂಟ್ ಮಾಡ್ಕೊಳ್ಳೋದು ಒಳ್ಳೇದು.

ಇನ್ನೊಂದು, ಹೊಸ ಪ್ರಾಜೆಕ್ಟ್ ಟೆಸ್ಟಿಂಗ್ ಮೋಡ್‌ನಲ್ಲಿದ್ರೆ ನೀವೇ ಸೇರಿಸಿದ 100 ಟೆಸ್ಟ್ ಯೂಸರ್‌ಗಳ ತನಕ ಮಾತ್ರ. "ನನಗೆ ಬರ್ತಿದೆ, ಪಕ್ಕದ ಮನೆಯವರಿಗೆ ಬರ್ತಿಲ್ಲ" ಅಂದ್ರೆ ಮೊದಲು ಇದನ್ನ ನೋಡಿ, ಪಬ್ಲಿಶ್ ಒತ್ತಿ ಪ್ರೊಡಕ್ಷನ್‌ಗೆ ತನ್ನಿ. ಸ್ಕೋಪ್ (ಯೂಸರ್‌ನ ಯಾವ ಮಾಹಿತಿ ಬೇಕು ಅನ್ನೋ ಪಟ್ಟಿ) ಓಪನ್ಐಡಿ, ಇಮೇಲ್, ಪ್ರೊಫೈಲ್ ಈ ಮೂರೇ ಕೇಳಿದ್ರೆ ದೊಡ್ಡ ವೆರಿಫಿಕೇಶನ್ ತಲೆನೋವು ಇರಲ್ಲ, ನಿಮ್ಮ ಲೋಗೋ ತೋರಿಸ್ಬೇಕು ಅಂದ್ರೆ ಬ್ರ್ಯಾಂಡ್ ವೆರಿಫಿಕೇಶನ್ ಇದೆ. ದಯವಿಟ್ಟು ಆ ಮೂರಕ್ಕಿಂತ ಜಾಸ್ತಿ ಕೇಳ್ಬೇಡಿ. ಪುಸ್ತಕ ಎರವಲು ಕೊಡೋ ಸೈಟ್‌ಗೆ ಯಾರದ್ದೋ ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್ ಯಾಕೆ? ಜನ ಸ್ಕ್ರೀನ್ ಓದದೆ ಒಪ್ಪಿಗೆ ಒತ್ತುತ್ತಾರೆ ಅಂತ ನಾವು ಕೇಳ್ಬಾರ್ದು, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಹೇಳೋದೂ ಅದೇ, ಕೆಲಸಕ್ಕೆ ಬೇಕಾದಷ್ಟು ಮಾತ್ರ ತಗೊಳ್ಳಿ ಅಂತ.

ಈಗ ಕೋಡ್. ಎರಡೇ ರೂಟ್ (ನಮ್ಮ ಸರ್ವರ್‌ನಲ್ಲಿ ಒಂದೊಂದು ಕೆಲಸಕ್ಕೆ ಒಂದೊಂದು ವಿಳಾಸ) ಬೇಕು, ಒಂದು ಕಳಿಸೋಕೆ, ಇನ್ನೊಂದು ವಾಪಸ್ ಬಂದಾಗ ಹಿಡ್ಕೊಳ್ಳೋಕೆ, ಅದನ್ನ ಕಾಲ್‌ಬ್ಯಾಕ್ ಅಂತೀವಿ. ಇಡೀ ಪ್ರೋಟೋಕಾಲ್ ಕೈಯಾರೆ ಬರೆಯೋ ಅಗತ್ಯ ಇಲ್ಲ, ನೋಡ್‌ನಲ್ಲಿ ಪಾಸ್‌ಪೋರ್ಟ್ ಅಥವಾ ಓಪನ್ಐಡಿ ಕ್ಲೈಂಟ್, ಜ್ಯಾಂಗೋದಲ್ಲಿ ಆಲ್‌ಆಥ್, ಫ್ಲಾಸ್ಕ್‌ಗೆ ಆಥ್‌ಲಿಬ್, ಜಾವಾದಲ್ಲಿ ಸ್ಪ್ರಿಂಗ್ ಸೆಕ್ಯೂರಿಟಿ, ರೇಲ್ಸ್‌ನಲ್ಲಿ ಓಮ್ನಿಆಥ್, ಎಲ್ಲಾ ಇದ್ದಾವೆ, ಅವನ್ನೇ ಬಳಸಿ. ಆದ್ರೆ ಒಳಗೆ ಏನಾಗ್ತಿದೆ ಅಂತ ಗೊತ್ತಿಲ್ಲದೆ ಬಳಸಿದ್ರೆ ಎರರ್ ಬಂದ ದಿನ ದಾರಿ ಕಾಣಲ್ಲ, ಅದಕ್ಕೆ ಒಂದು ಸಲ ಒಳಗೆ ಇಳಿದು ನೋಡೋಣ.

ಕಳಿಸೋ ರೂಟ್‌ನಲ್ಲಿ ಮೊದಲು ಮೂರು ರ್‍ಯಾಂಡಮ್ ಸ್ಟ್ರಿಂಗ್ ಮಾಡಿ ಸೆಷನ್‌ನಲ್ಲಿ (ಆ ಯೂಸರ್‌ಗೆ ಅಂತ ಸರ್ವರ್ ನೆನಪಿಟ್ಕೊಳ್ಳೋ ಜಾಗ) ಇಟ್ಕೊಳ್ಳಬೇಕು. ಮೊದಲನೇದು ಸ್ಟೇಟ್. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್‌ನಲ್ಲಿ ಕೊಡೋ ಟೋಕನ್ ಥರ ಇದು, ಅವರ ಹತ್ರ ಇರೋ ನಂಬರೂ ನಿಮ್ಮ ಕೈಲಿರೋ ನಂಬರೂ ಒಂದೇ ಆದ್ರೆ ಮಾತ್ರ ಚಪ್ಪಲಿ. ಇದಿಲ್ಲ ಅಂದ್ರೆ ಒಬ್ಬ ಕೆಟ್ಟವನು ತನ್ನ ಗೂಗಲ್ ಅಕೌಂಟ್‌ನ ಕೋಡ್ ಇರೋ ಕಾಲ್‌ಬ್ಯಾಕ್ ಲಿಂಕ್ ಇನ್ನೊಬ್ಬರ ಕೈಲಿ ಒತ್ತಿಸಿ ಅವರಿಗೇ ಗೊತ್ತಾಗದ ಹಾಗೆ ತನ್ನ ಅಕೌಂಟ್‌ಗೆ ಲಾಗಿನ್ ಮಾಡಿಸ್ಬಹುದು, ಅವರು ಅಲ್ಲಿ ತಮ್ಮ ಫೋನ್ ನಂಬರು ವಿಳಾಸ ಹಾಕಿದ್ರೆ ಎಲ್ಲಾ ಅವನ ಕೈಗೆ. ಎರಡನೇದು ನಾನ್ಸ್, ಇದು ಐಡಿ ಟೋಕನ್ ಒಳಗೇ ವಾಪಸ್ ಬರುತ್ತೆ, ಹಳೇ ಟೋಕನ್ ಯಾರೋ ಮತ್ತೆ ತಂದು ಕೊಡದ ಹಾಗೆ. ಮೂರನೇದು ಕೋಡ್ ವೆರಿಫೈಯರ್, 43ರಿಂದ 128 ಅಕ್ಷರ ಇರಬೇಕು, ಅದನ್ನ ಎಸ್‌ಎಚ್‌ಎ 256 ಹ್ಯಾಶ್ (ವಾಪಸ್ ಬಿಡಿಸೋಕಾಗದ ಗುರುತು) ಮಾಡಿ ಬೇಸ್64 ಯುಆರ್‌ಎಲ್ ರೂಪದಲ್ಲಿ ಮಾಡಿದ್ರೆ ಕೋಡ್ ಚಾಲೆಂಜ್, ಈಗ ಚಾಲೆಂಜ್ ಮಾತ್ರ ಕಳಿಸಿ ವೆರಿಫೈಯರ್ ನಮ್ಮ ಹತ್ರನೇ ಇಟ್ಕೊಳ್ಳೋದು. ಇದಕ್ಕೆ ಪಿಕೆಸಿಇ ಅಂತಾರೆ, ಬಾಯಲ್ಲಿ ಪಿಕ್ಸಿ. ಮೊದಲು ಮೊಬೈಲ್ ಆಪ್‌ಗೆ ಅಂತ ಬಂದಿದ್ದು, ಆದ್ರೆ ಸೀಕ್ರೆಟ್ ಇರೋ ಸರ್ವರ್ ಆಪ್‌ಗೂ ಹಾಕಿ ಅಂತ ಈಗಿನ ಸಲಹೆ, ಎರಡು ಸಾಲಿನ ಕೆಲಸ, ಹಾಕ್ಬಿಡಿ. ರ್‍ಯಾಂಡಮ್ ಅಂದ್ರೆ ಕ್ರಿಪ್ಟೋ ಮಾಡ್ಯೂಲ್‌ನಿಂದ 32 ಬೈಟ್, ಮ್ಯಾತ್ ಡಾಟ್ ರ್‍ಯಾಂಡಮ್ ಇಲ್ಲಿ ಬೇಡವೇ ಬೇಡ.

ಇದರ ಜೊತೆ ಕ್ಲೈಂಟ್ ಐಡಿ, ರಿಡೈರೆಕ್ಟ್ ಯುಆರ್‌ಐ, ಸ್ಕೋಪ್, ರೆಸ್ಪಾನ್ಸ್ ಟೈಪ್ ಜಾಗಕ್ಕೆ ಕೋಡ್ ಅಂತ ಸೇರಿಸಿ ಗೂಗಲ್‌ಗೆ ಕಳಿಸಿ. ಇನ್ನೊಂದು ಪ್ಯಾರಾಮೀಟರ್ ಇದೆ, ಪ್ರಾಂಪ್ಟ್ ಅಂತ, ಅದಕ್ಕೆ ಸೆಲೆಕ್ಟ್ ಅಕೌಂಟ್ ಅಂತ ಕೊಡಿ. ನಾನು ಮೊದಲು ಕೊಟ್ಟಿರ್ಲಿಲ್ಲ. ನಮ್ಮ ಬಳಗದ ಒಬ್ಬ ಅಜ್ಜಿ ಮೊಮ್ಮಗನ ಟ್ಯಾಬ್‌ನಲ್ಲಿ ಬಟನ್ ಒತ್ತಿದ್ರು, ಏನೂ ಕೇಳದೆ ಮೊಮ್ಮಗನ ಹೆಸರಲ್ಲೇ ಒಳಗೆ ಹೋದ್ರು, ಎರವಲು ತಗೊಂಡಿದ್ದ ಪುಸ್ತಕ ಎಲ್ಲಾ ಎಲ್ಲಿ ಹೋಯ್ತು ಅಂತ ಪಾಪ ಗಾಬರಿ ಬಿದ್ರು. ಒಂದೇ ಫೋನು ಮನೆಮಂದಿ ಎಲ್ಲಾ ಬಳಸೋ ಕಡೆ "ಯಾವ ಅಕೌಂಟ್" ಅಂತ ಪ್ರತಿಸಲ ಕೇಳಲೇಬೇಕು.

ಕಾಲ್‌ಬ್ಯಾಕ್‌ನಲ್ಲಿ ಮೊದಲು ನೋಡೋದು ಎರರ್ ಬಂದಿದ್ಯಾ ಅಂತ. ಯೂಸರ್ ಬೇಡ ಅಂತ ಕ್ಯಾನ್ಸಲ್ ಒತ್ತಿದ್ರೆ ಆಕ್ಸೆಸ್ ಡಿನೈಡ್ ಅಂತ ಬರುತ್ತೆ, ಅದಕ್ಕೆ 500 ಅನ್ನೋ ಸರ್ವರ್ ಎರರ್ ಪೇಜ್ ತೋರಿಸ್ಬೇಡಿ, ಮರ್ಯಾದೆಯಿಂದ ಲಾಗಿನ್ ಪೇಜ್‌ಗೆ ವಾಪಸ್ ಕರ್ಕೊಂಡು ಬನ್ನಿ. ಆಮೇಲೆ ಸ್ಟೇಟ್ ಹೋಲಿಸಿ, ಹೊಂದ್ಲಿಲ್ಲ ಅಂದ್ರೆ ಅಲ್ಲೇ ನಿಲ್ಲಿಸಿ, ಹೊಂದಿದ್ರೆ ಸೆಷನ್‌ನಿಂದ ಅಳಿಸಿ ಮುಂದೆ ಹೋಗಿ. ಕೋಡ್, ಐಡಿ, ಸೀಕ್ರೆಟ್, ಅದೇ ರಿಡೈರೆಕ್ಟ್ ಯುಆರ್‌ಐ, ವೆರಿಫೈಯರ್ ಎಲ್ಲಾ ಸೇರಿಸಿ ಗೂಗಲ್‌ನ ಟೋಕನ್ ವಿಳಾಸಕ್ಕೆ ಸರ್ವರ್‌ನಿಂದಲೇ ಪೋಸ್ಟ್ ಮಾಡಿದ್ರೆ ಐಡಿ ಟೋಕನ್ ಬರುತ್ತೆ. ಆ ಕೋಡ್ ಒಂದೇ ಸಲಕ್ಕೆ, ಯೂಸರ್ ಕಾಲ್‌ಬ್ಯಾಕ್ ಪೇಜ್‌ನ ರಿಫ್ರೆಶ್ ಮಾಡಿದ್ರೆ ಎರಡನೇ ಸಲ ಇನ್‌ವ್ಯಾಲಿಡ್ ಗ್ರಾಂಟ್ ಅಂತ ಬೈಸ್ಕೊಳ್ತೀರಿ, ಹಂಗಾಗಿ ಕೆಲಸ ಮುಗಿದ ತಕ್ಷಣ ಬೇರೆ ಪೇಜ್‌ಗೆ ರಿಡೈರೆಕ್ಟ್ ಮಾಡ್ಬಿಡಿ.

ಐಡಿ ಟೋಕನ್ ಬಂತು ಅಂತ ಕಣ್ಣು ಮುಚ್ಚಿ ನಂಬೋದಲ್ಲ. ಸಹಿ ಗೂಗಲ್‌ನ ಈಗಿನ ಕೀಗೆ ಹೊಂದುತ್ತಾ (ಆ ಕೀಗಳು ಬದಲಾಗ್ತಾನೇ ಇರ್ತಾವೆ, ಕೋಡ್‌ನಲ್ಲಿ ಅಂಟಿಸಿ ಇಡ್ಬೇಡಿ), ಕೊಟ್ಟೋರು ಗೂಗಲ್ಲೇನಾ, ಆಡಿಯನ್ಸ್ (ಟೋಕನ್ ಯಾವ ಆಪ್‌ಗೆ ಕೊಟ್ಟಿದ್ದು) ಜಾಗದಲ್ಲಿ ಇರೋದು ನಮ್ಮ ಕ್ಲೈಂಟ್ ಐಡಿನೇನಾ, ಅವಧಿ ಮುಗಿದಿಲ್ವಾ, ನಾನ್ಸ್ ನಮ್ಮದೇನಾ. ಆಡಿಯನ್ಸ್ ನೋಡದೆ ಬಿಟ್ರೆ ಬೇರೆ ಯಾವುದೋ ಆಪ್‌ಗೆ ಕೊಟ್ಟ ಟೋಕನ್ ತಂದು ನಮ್ಮ ಬಾಗಿಲು ತೆಗೀಬಹುದು. ಲೈಬ್ರರಿ ಇದೆಲ್ಲಾ ಮಾಡುತ್ತೆ, ಆದ್ರೆ ಆಪ್ಷನ್‌ಗಳಲ್ಲಿ ಆನ್ ಆಗಿದ್ಯಾ ಅಂತ ಒಂದು ಸಲ ನೋಡ್ಕೊಳ್ಳಿ.

ಕನ್ನಡದವರಿಗೆ ಅಂತಲೇ ಒಂದು ಮಾತು. ಟೋಕನ್‌ನ ನೀವೇ ಡಿಕೋಡ್ ಮಾಡೋಕೆ ಹೋಗಿ ಬ್ರೌಸರ್‌ನ ಹಳೇ ಬೇಸ್64 ಫಂಕ್ಷನ್ ಬಳಸಿದ್ರೆ ಇಂಗ್ಲಿಷ್ ಹೆಸರು ಸರಿಯಾಗಿ ಬರುತ್ತೆ, ಗೂಗಲ್‌ನಲ್ಲಿ ಕನ್ನಡದಲ್ಲೇ ಹೆಸರು ಇಟ್ಕೊಂಡೋರದ್ದು ಮಾತ್ರ ಗಜಿಬಿಜಿ ಅಕ್ಷರ ಆಗುತ್ತೆ. ಒಂದು ಕನ್ನಡ ಕೋಡ್‌ಪಾಯಿಂಟ್ (ಯುನಿಕೋಡ್‌ನಲ್ಲಿ ಒಂದು ಚಿಹ್ನೆಗೆ ಇರೋ ನಂಬರ್) ಯುಟಿಎಫ್-8ನಲ್ಲಿ 3 ಬೈಟ್, ಆ ಫಂಕ್ಷನ್ ಒಂದೊಂದು ಬೈಟ್‌ನೂ ಒಂದು ಅಕ್ಷರ ಅಂದ್ಕೊಳ್ಳುತ್ತೆ, ಅದಕ್ಕೆ ಬೈಟ್‌ಗೆ ತಂದು ಯುಟಿಎಫ್-8 ಅಂತ ಓದಿಸಿ. ಹಾಗೇ ಫ್ಯಾಮಿಲಿ ನೇಮ್ ಅನ್ನೋ ಫೀಲ್ಡ್ ಕಡ್ಡಾಯ ಮಾಡ್ಬೇಡಿ. ನಮ್ಮಲ್ಲಿ ಎಷ್ಟೋ ಜನಕ್ಕೆ ಮನೆತನದ ಹೆಸರು ಬರೆಯೋ ರೂಢಿನೇ ಇಲ್ಲ, ಇನಿಷಿಯಲ್ ಇರುತ್ತೆ ಅಥವಾ ಅದೂ ಇರಲ್ಲ, ಗೂಗಲ್ ಕೂಡ ಆ ಫೀಲ್ಡ್‌ನ ಯಾವಾಗಲೂ ಕಳಿಸಲ್ಲ.

ಈಗ ನಾನು ಎರಡು ವಾರ ಕೂತಿದ್ದ ಭಾಗ. ಟೋಕನ್‌ನಲ್ಲಿ ಇಮೇಲ್ ಇದೆ, ಸಬ್ ಅಂತ ಆ ಗೂಗಲ್ ಅಕೌಂಟ್‌ನ ಒಂದು ಉದ್ದ ನಂಬರ್ ಇದೆ. ಯೂಸರ್‌ನ ಗುರುತು ಯಾವುದು? ಸಬ್. ಇಮೇಲ್ ಅಲ್ಲ. ಇಮೇಲ್ ಬದಲಾಗುತ್ತೆ, ಕೈ ಬದಲಾಗುತ್ತೆ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಇಮೇಲ್‌ನೇ ಕೀ ಮಾಡಿದ್ರು, ಒಬ್ಬರು ಕೆಲಸ ಬಿಟ್ಟು ಹೋದ್ಮೇಲೆ ಅದೇ ವಿಳಾಸ ಹೊಸದಾಗಿ ಸೇರಿದ ಅದೇ ಹೆಸರಿನವರಿಗೆ ಕೊಟ್ರು, ಅವರು ಮೊದಲ ದಿನ ಲಾಗಿನ್ ಆದ್ರೆ ಹಳಬರ ಆರ್ಡರು, ಮನೆ ವಿಳಾಸ ಎಲ್ಲಾ ಕಣ್ಮುಂದೆ. ಸಬ್ ಒಂದು ಸಲ ಒಬ್ಬರಿಗೆ ಕೊಟ್ರೆ ಇನ್ನೊಬ್ಬರಿಗೆ ಹೋಗಲ್ಲ. ಆದ್ರೆ ಅದನ್ನ ನಂಬರ್ ಅಂತ ಇಡ್ಬೇಡಿ, ಟೆಕ್ಸ್ಟ್ ಅಂತಲೇ ಇಡಿ. ನಾನು ನೋಡಿದ ಗೂಗಲ್ ಸಬ್ ಎಲ್ಲಾ 21 ಅಂಕಿ ಇದ್ವು, ಜಾವಾಸ್ಕ್ರಿಪ್ಟ್‌ನಲ್ಲಿ 16 ಅಂಕಿ ದಾಟಿದ್ರೆ ಕೊನೇ ಅಂಕಿಗಳು ತಾವೇ ಬದಲಾಗ್ತಾವೆ, ಪೋಸ್ಟ್‌ಗ್ರೆಸ್‌ನ ಬಿಗ್‌ಇಂಟ್ ಕೂಡ 19 ಅಂಕಿಗೇ ಮುಗೀತು. ಅಂಕಿ ಬದಲಾದ್ರೆ ಆ ಯೂಸರ್ ಬೇರೆಯವರಾಗಿ ಹೋಗ್ತಾರೆ.

ಟೇಬಲ್ ಹಿಂಗೆ ಮಾಡ್ಕೊಳ್ಳಿ: ಯೂಸರ್ಸ್ ಟೇಬಲ್ ಬೇರೆ, ಐಡೆಂಟಿಟೀಸ್ ಅಂತ ಇನ್ನೊಂದು ಬೇರೆ, ಅದರಲ್ಲಿ ಪ್ರೊವೈಡರ್ (ಗೂಗಲ್ ಥರ ಲಾಗಿನ್ ಕೊಡೋರು) ಹೆಸರು, ಸಬ್, ಯಾವ ಯೂಸರ್‌ಗೆ ಸೇರಿದ್ದು, ಅಷ್ಟೇ. ಪ್ರೊವೈಡರ್ ಮತ್ತು ಸಬ್ ಎರಡೂ ಸೇರಿ ಯೂನಿಕ್. ಯೂಸರ್ಸ್ ಟೇಬಲ್‌ನಲ್ಲೇ ಗೂಗಲ್ ಐಡಿ ಅಂತ ಕಾಲಂ ಹಾಕಿದ್ರೆ ನಾಳೆ ಫೇಸ್‌ಬುಕ್, ಆಪಲ್ ಬಂದಾಗ ಕಾಲಂ ಮೇಲೆ ಕಾಲಂ ಬೆಳೀತಾ ಹೋಗುತ್ತೆ.

ಲಾಗಿನ್ ಆಗಿ ಬಂದೋರ ಸಬ್ ಟೇಬಲ್‌ನಲ್ಲಿ ಇದ್ರೆ ಸಲೀಸು, ಒಳಗೆ ಬಿಡಿ. ಸಬ್ಬೂ ಇಲ್ಲ, ಆ ಇಮೇಲಿನ ಅಕೌಂಟೂ ಇಲ್ಲ ಅಂದ್ರೆ ಹೊಸದು ಮಾಡಿ. ಕಷ್ಟ ಇರೋದು ಮೂರನೇದರಲ್ಲಿ, ಸಬ್ ಇಲ್ಲ ಆದ್ರೆ ಅದೇ ಇಮೇಲಿನ ಹಳೇ ಪಾಸ್‌ವರ್ಡ್ ಅಕೌಂಟ್ ಇದೆ. ಇಮೇಲ್ ಒಂದೇ ಅಲ್ವಾ, ಜೋಡಿಸ್ಬಿಡೋಣ ಅನ್ಸುತ್ತೆ. ನಿಲ್ಲಿ. ನಿಮ್ಮ ಸೈಟ್ ಇಮೇಲ್ ವೆರಿಫೈ ಮಾಡದೆ ಅಕೌಂಟ್ ಮಾಡೋಕೆ ಬಿಟ್ಟಿದ್ರೆ ಯಾರೋ ಒಬ್ಬ ನಿಮ್ಮ ಯೂಸರ್‌ನ ಜೀಮೇಲ್ ವಿಳಾಸ ಹಾಕಿ ತನ್ನ ಪಾಸ್‌ವರ್ಡ್‌ನಲ್ಲಿ ಮೊದಲೇ ಅಕೌಂಟ್ ಮಾಡಿಟ್ಟು ಕಾಯ್ತಿರಬಹುದು, ನಿಜವಾದೋರು ಒಂದು ದಿನ ಗೂಗಲ್‌ನಿಂದ ಬಂದು ಅದಕ್ಕೇ ಜೋಡಿಕೊಂಡ್ರೆ ಅವನ ಪಾಸ್‌ವರ್ಡ್ ಇನ್ನೂ ನಡೀತಾ ಇರುತ್ತೆ, ಇಬ್ಬರೂ ಒಂದೇ ಮನೇಲಿ. ನಾನು ಮಾಡಿದ್ದು ಏನಂದ್ರೆ, ಅಂಥ ಸಂದರ್ಭದಲ್ಲಿ "ಈ ಇಮೇಲ್‌ನಲ್ಲಿ ಆಗಲೇ ಒಂದು ಅಕೌಂಟ್ ಇದೆ, ನಿಮ್ಮದೇ ಆದ್ರೆ ನಿಮ್ಮ ಇಮೇಲ್‌ಗೆ ಕಳಿಸಿರೋ ಓಟಿಪಿ ಹಾಕಿ" ಅಂತ ಕೇಳ್ತೀನಿ, ಸರಿಯಾದ್ರೆ ಜೋಡಿಸ್ತೀನಿ, ಹಳೇ ಇಮೇಲ್ ವೆರಿಫೈ ಆಗಿರ್ಲಿಲ್ಲ ಅಂದ್ರೆ ಹಳೇ ಪಾಸ್‌ವರ್ಡ್ ಅಳಿಸಿ ಹಳೇ ಸೆಷನ್ ಎಲ್ಲಾ ಕಿತ್ತಾಕ್ತೀನಿ. ಟೋಕನ್‌ನಲ್ಲಿ ಇಮೇಲ್ ವೆರಿಫೈಡ್ ಅಂತ ಒಂದು ಫೀಲ್ಡ್ ಇರುತ್ತೆ, ಅದು ಟ್ರೂ ಇಲ್ಲ ಅಂದ್ರೆ ಆ ಇಮೇಲ್‌ನ ಹೋಲಿಕೆಗೂ ಬಳಸ್ಬೇಡಿ. ಟ್ರೂ ಇದ್ರೂ ಜೀಮೇಲ್ ಅಲ್ಲದ ವಿಳಾಸ ಆದ್ರೆ ಗೂಗಲ್ ಅದನ್ನ ಹಿಂದೆ ಯಾವತ್ತೋ ನೋಡಿರಬಹುದು, ಇವತ್ತು ಅದು ಅವರ ಕೈಲೇ ಇದೆ ಅಂತ ಗ್ಯಾರಂಟಿ ಇಲ್ಲ, ಓಟಿಪಿ ಕೇಳೋದೇ ಸರಿ.

ಎಲ್ಲಾ ಆದ್ಮೇಲೆ ಹೊಸ ಸೆಷನ್ ಐಡಿ ಕೊಡಿ, ಲಾಗಿನ್‌ಗೆ ಮುಂಚೆ ಇದ್ದದ್ದನ್ನೇ ಮುಂದುವರಿಸ್ಬೇಡಿ. ಸೆಷನ್ ಐಡಿ ಇರೋ ಕುಕೀಗೆ ಎಚ್‌ಟಿಟಿಪಿ ಓನ್ಲಿ (ಪೇಜ್‌ನ ಸ್ಕ್ರಿಪ್ಟ್ ಓದೋಕಾಗಲ್ಲ), ಸೆಕ್ಯೂರ್ (ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ), ಸೇಮ್‌ಸೈಟ್ ಲ್ಯಾಕ್ಸ್ (ಬೇರೆ ಸೈಟ್‌ನಿಂದ ಲಿಂಕ್ ಮೂಲಕ ಬಂದ್ರೆ ಮಾತ್ರ ಕುಕೀ ಬರುತ್ತೆ) ಹಾಕಿ. ಇಲ್ಲಿ ಜಾಸ್ತಿ ಭದ್ರ ಇರ್ಲಿ ಅಂತ ಸ್ಟ್ರಿಕ್ಟ್ ಹಾಕಿದ್ರೆ ಗೂಗಲ್‌ನಿಂದ ವಾಪಸ್ ಬರುವಾಗ ಬ್ರೌಸರ್ ಕುಕೀ ಕಳಿಸಲ್ಲ, ಸೆಷನ್ ಖಾಲಿ, ಸ್ಟೇಟ್ ಹೊಂದಲ್ಲ, ನೀವು ಇಡೀ ರಾತ್ರಿ ಕೋಡ್ ಹುಡುಕ್ತೀರಿ. ಅದೇ ಥರ ಎಂಜಿನ್‌ಎಕ್ಸ್ ಹಿಂದೆ ಎಕ್ಸ್‌ಪ್ರೆಸ್ ಇದ್ರೆ ಒಳಗಿನ ಆಪ್‌ಗೆ ಬರೀ ಎಚ್‌ಟಿಟಿಪಿ ಕಾಣುತ್ತೆ, ಸೆಕ್ಯೂರ್ ಕುಕೀ ಕೊಡೋಕೆ ಒಪ್ಪಲ್ಲ. ಎಂಜಿನ್‌ಎಕ್ಸ್‌ನಿಂದ ಫಾರ್ವರ್ಡೆಡ್ ಪ್ರೋಟೋ ಹೆಡರ್ (ಹೊರಗೆ ಎಚ್‌ಟಿಟಿಪಿಎಸ್ ಇದೆ ಅಂತ ಹೇಳೋದು) ಕಳಿಸಿ ಎಕ್ಸ್‌ಪ್ರೆಸ್‌ನಲ್ಲಿ ಟ್ರಸ್ಟ್ ಪ್ರಾಕ್ಸಿ 1 ಅಂತ ಇಡಿ, ರಿಡೈರೆಕ್ಟ್ ಯುಆರ್‌ಐನ ಮಾತ್ರ ರಿಕ್ವೆಸ್ಟ್ ನೋಡಿ ಕಟ್ಟೋ ಬದಲು ಕಾನ್ಫಿಗ್‌ನಲ್ಲಿ ಪೂರ್ತಿ ಬರೆದಿಟ್ಬಿಡಿ. ಲಾಗಿನ್ ಆದ್ಮೇಲೆ ಯೂಸರ್ ಮುಂಚೆ ಇದ್ದ ಪೇಜ್‌ಗೆ ಕಳಿಸೋದಾದ್ರೆ ಆ ವಿಳಾಸ ನಮ್ಮ ಸೈಟ್‌ದೇ ಅಂತ ನೋಡಿ, ಒಂದೇ ಸ್ಲ್ಯಾಶ್‌ನಿಂದ ಶುರುವಾಗಿರಬೇಕು, ಎರಡು ಸ್ಲ್ಯಾಶ್ ಅಂದ್ರೆ ಬ್ರೌಸರ್‌ಗೆ ಅದು ಬೇರೆ ಸೈಟ್, ಮೋಸ ಮಾಡೋರು ಇದನ್ನೇ ಬಳಸ್ತಾರೆ. ಐಡಿ ಟೋಕನ್ ಜೊತೆ ಆಕ್ಸೆಸ್ ಟೋಕನ್ ಅಂತಲೂ ಒಂದು ಬರುತ್ತೆ, ಯೂಸರ್ ಪರವಾಗಿ ಗೂಗಲ್‌ನಿಂದ ಮಾಹಿತಿ ಕೇಳೋಕೆ, ನಮಗೆ ಲಾಗಿನ್ ಬಿಟ್ಟು ಬೇರೇನೂ ಬೇಡ ಅಂದ್ರೆ ಅದನ್ನ ಡೇಟಾಬೇಸ್‌ಗೆ ಹಾಕ್ಲೇಬೇಡಿ.

ಫೇಸ್‌ಬುಕ್ ಹಾಕಿದ್ರೆ ನೆನಪಿರ್ಲಿ, ಫೋನ್ ನಂಬರ್‌ನಲ್ಲೇ ಅಕೌಂಟ್ ಮಾಡಿದೋರಿಗೆ ಇಮೇಲ್ ಬರದೇ ಇರಬಹುದು. ಗಿಟ್‌ಹಬ್‌ನಲ್ಲಿ ಇಮೇಲ್ ಬಚ್ಚಿಟ್ಟಿದ್ರೆ ಖಾಲಿ ಬರುತ್ತೆ, ಅದಕ್ಕೆ ಬೇರೆ ಸ್ಕೋಪ್ ಕೇಳಿ ಇನ್ನೊಂದು ಕರೆ ಮಾಡಬೇಕು. ಆಪಲ್ ಯೂಸರ್‌ನ ಹೆಸರನ್ನ ಮೊದಲ ಸಲ ಮಾತ್ರ ಕೊಡುತ್ತೆ, ಆಗಲೇ ಉಳಿಸ್ಕೊಳ್ಳಿ, ಹೆಸರು ಇಮೇಲ್ ಕೇಳಿದ್ರೆ ವಾಪಸ್ ಬರೋದೂ ಲಿಂಕ್ ಥರ ಅಲ್ಲ, ಪೋಸ್ಟ್ ರಿಕ್ವೆಸ್ಟ್‌ನಲ್ಲಿ, ಹಂಗಾಗಿ ಲ್ಯಾಕ್ಸ್ ಕುಕೀ ಅಲ್ಲಿ ಕೈ ಕೊಡುತ್ತೆ. ಮೈಕ್ರೋಸಾಫ್ಟ್‌ನ ಕಂಪನಿ ಅಕೌಂಟ್‌ಗಳಲ್ಲಿ ಇಮೇಲ್ ಫೀಲ್ಡ್‌ನ ಆ ಕಂಪನಿ ಅಡ್ಮಿನ್ನೇ ಬದಲಾಯಿಸ್ಬಹುದು, ಅದನ್ನ ಗುರುತಾಗಿ ನಂಬಬಾರದು.

ಇಷ್ಟೆಲ್ಲಾ ಆದ್ರೂ ಹಳೇ ದಾರಿ ಮುಚ್ಚಬೇಡಿ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು 6 ಗಂಟೆ ಪೂರ್ತಿ ನಿಂತೋಗಿತ್ತು, ಅದರ ಲಾಗಿನ್ ಒಂದನ್ನೇ ನೆಚ್ಕೊಂಡಿದ್ದ ಬೇರೆ ಸೈಟ್‌ಗಳ ಜನನೂ ಹೊರಗೇ ಉಳಿದ್ರು. ನಮ್ಮ ಬಳಗದಲ್ಲಿ ಇನ್ನೊಂದು ಥರದ ಕಷ್ಟ ಇತ್ತು, ಕೆಲವರ ಜೀಮೇಲ್ ಯಾವುದೋ ಅರ್ಜಿ ಹಾಕುವಾಗ ಸೈಬರ್ ಸೆಂಟರ್‌ನವರು ಮಾಡ್ಕೊಟ್ಟಿದ್ದು, ಪಾಸ್‌ವರ್ಡ್ ಅವರಿಗೇ ಗೊತ್ತಿಲ್ಲ, ಆ ಸೆಂಟರ್‌ನ ಕಂಪ್ಯೂಟರ್‌ನಲ್ಲಿ ಇನ್ನೂ ಲಾಗಿನ್ ಆಗೇ ಇದ್ರೂ ಇರಬಹುದು. ಅವರಿಗೆಲ್ಲಾ ಫೋನ್ ಓಟಿಪಿ ಇಟ್ಟೆ. ಇನ್ನು ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಆಪ್ ಒಳಗೇ ಲಿಂಕ್ ತೆಗೆದೋರಿಗೆ ಗೂಗಲ್ 403 (ಅನುಮತಿ ಇಲ್ಲ) ಅನ್ನೋ ಎರರ್ ತೋರಿಸ್ಬಹುದು, ಆಪ್ ಒಳಗಿನ ಬ್ರೌಸರ್‌ನಲ್ಲಿ ಲಾಗಿನ್ ಮಾಡೋಕೆ ಗೂಗಲ್ ಬಿಡಲ್ಲ, "ಮೇಲಿರೋ ಮೂರು ಚುಕ್ಕಿ ಒತ್ತಿ ಕ್ರೋಮ್‌ನಲ್ಲಿ ತೆಗೀರಿ" ಅಂತ ಲಾಗಿನ್ ಪೇಜ್‌ನಲ್ಲೇ ಒಂದು ಸಾಲು ಕನ್ನಡದಲ್ಲಿ ಬರೆದಿಡಿ.

ಲೈವ್ ಮಾಡೋ ಮುಂಚೆ ಇನ್‌ಕಾಗ್ನಿಟೋ ತೆಗೆದು ಹೊಸ ಯೂಸರ್, ಹಳೇ ಯೂಸರ್, ಅದೇ ಇಮೇಲಿನ ಪಾಸ್‌ವರ್ಡ್ ಯೂಸರ್, ಅರ್ಧದಲ್ಲಿ ಕ್ಯಾನ್ಸಲ್, ಕಾಲ್‌ಬ್ಯಾಕ್ ರಿಫ್ರೆಶ್, ಸ್ಟೇಟ್ ಕೈಯಾರೆ ಬದಲಾಯಿಸಿ ನೋಡೋದು, ಇಷ್ಟೂ ಮಾಡಿ. ಗೂಗಲ್ ಜೋಡಣೆ ತೆಗೆಯೋ ಬಟನ್ ಕೊಟ್ಟಿದ್ರೆ, ಬೇರೆ ದಾರಿ ಇಲ್ಲದ ಯೂಸರ್‌ಗೆ ಅದು ಕೆಲಸ ಮಾಡಬಾರದು, ಅದನ್ನೂ ನೋಡಿ. ಯಾವತ್ತಾದ್ರೂ ಸೀಕ್ರೆಟ್ ಲೀಕ್ ಆಯ್ತು ಅಂತ ಅನುಮಾನ ಬಂದ್ರೆ ಅದೇ ಕ್ಲೈಂಟ್‌ಗೆ ಎರಡನೇ ಸೀಕ್ರೆಟ್ ಸೇರಿಸಿ, ಸರ್ವರ್‌ನಲ್ಲಿ ಹೊಸದು ಹಾಕಿ ರೀಸ್ಟಾರ್ಟ್ ಮಾಡಿ, ಲಾಗಿನ್ ಬರ್ತಿದೆ ಅಂತ ಖಾತ್ರಿ ಆದ್ಮೇಲೆ ಹಳೇದನ್ನ ಡಿಸೇಬಲ್ ಮಾಡಿ ಅಳಿಸಿ, ಯೂಸರ್‌ಗಳಿಗೆ ಏನೂ ಗೊತ್ತಾಗಲ್ಲ.